ಬಿಜಿಎಂಐ: ಸತ್ತಿದ್ದು ನೆಟ್‌ನಿಂದಲೋ, ಕೈಯಿಂದಲೋ, ನಿಂತ ಜಾಗದಿಂದಲೋ?

ಬಿಜಿಎಂಐ (ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ, ಫೋನಿನಲ್ಲಿ ಆಡುವ ಗುಂಡಿನ ಕಾಳಗದ ಆಟ) ಶುರು ಮಾಡಿದ ಹುಡುಗರು ಮೊದಲು ಕೇಳುವುದು ‘ಅಣ್ಣಾ, ಸೆನ್ಸಿಟಿವಿಟಿ ಕೋಡ್ ಕೊಡಿ’ ಅಂತ. ಅಂದರೆ ಬೆರಳು, ಫೋನ್ ಎಷ್ಟು ಅಲುಗಿದರೆ ಗುರಿ ಎಷ್ಟು ಸರಿಯಬೇಕು ಎಂಬ ಸೆಟ್ಟಿಂಗನ್ನು ನಕಲು ಮಾಡುವ ಕೋಡ್. ನಾನು ಕೊಡುವುದಿಲ್ಲ. ಒಬ್ಬರ ಕೋಡ್ ಅವರ ಫೋನಿನ ಪರದೆ, ಫೋನ್ ವಾಲಿದ್ದನ್ನು ಗುರುತಿಸುವ ಜೈರೋ ಸೆನ್ಸರ್, ಫೋನ್ ಹಿಡಿಯುವ ಕೋನ ಇಷ್ಟಕ್ಕೂ ಹೊಂದಿಕೊಂಡಿರುತ್ತದೆ, ನಿಮ್ಮ ಕೈಗೆ ಅದು ಸರಿಬರುವುದು ಅದೃಷ್ಟ. ನಾನು ಹಿಡಿದ ದಾರಿ ಬೇರೆ. ಪ್ರತಿ ಸಲ ಸತ್ತಾಗ ಒಂದು ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ಹಾಕಿ ಗುರುತು ಮಾಡುವುದು: ನೆಟ್ ಅಥವಾ ಫೋನ್, ಕೈ, ನಿಂತ ಜಾಗ. ಯಾವ ಕಾಲಂ ತುಂಬುತ್ತದೋ ಅದನ್ನಷ್ಟೇ ಆ ವಾರ ತಿದ್ದುವುದು.

ಮೊದಲ ಕಾಲಂ ಖಾಲಿಯಾಗದ ಹೊರತು ಉಳಿದೆರಡರ ಲೆಕ್ಕ ನಂಬುವಂತಿಲ್ಲ. ಪಿಂಗ್ (ಫೋನಿನಿಂದ ಆಟದ ಸರ್ವರ್‌ಗೆ ಹೋಗಿ ಬರಲು ಹಿಡಿಯುವ ಮಿಲಿಸೆಕೆಂಡ್) ಕಮ್ಮಿ ಇರುವುದಕ್ಕಿಂತ ಒಂದೇ ಸಮ ಇರುವುದು ಮುಖ್ಯ. ನಿಂತಲ್ಲೇ ನಿಂತ 70, ಆಗಾಗ 200ಕ್ಕೆ ಹಾರುವ 30ಕ್ಕಿಂತ ಎಷ್ಟೋ ವಾಸಿ. ಹಾಸನದ ಬಾಡಿಗೆ ಮನೆ, ಪಿಜಿಗಳಲ್ಲಿ ಹತ್ತಾರು ವೈಫೈ ಒಂದರ ಮೇಲೊಂದು ಬಿದ್ದಿರುತ್ತವೆ. ರೂಟರ್ ಇರುವ ಕೋಣೆಯಲ್ಲೇ ಕೂತು 5 ಗಿಗಾಹರ್ಟ್ಸ್‌ಗೆ ಕನೆಕ್ಟ್ ಆಗಿ. ಗೋಡೆ ದಾಟಿದರೆ ಅದರ ಬಲ ಬೇಗ ಇಳಿಯುತ್ತದೆ. ಫೋಟೋ ಬ್ಯಾಕಪ್ ಆಫ್ ಮಾಡಿ. ಮನೆಯಲ್ಲಿ ಬೇರೆಯವರ ಫೋನ್ ವಿಡಿಯೋ ಅಪ್‌ಲೋಡ್ ಮಾಡುತ್ತಿದ್ದರೂ ನಿಮ್ಮ ಪಿಂಗ್ ಹಾರುತ್ತದೆ.

ಮೂಡಿಗೆರೆ, ಸಕಲೇಶಪುರದ ಕಡೆ ಮಳೆಗಾಲದಲ್ಲಿ ಕರೆಂಟ್ ಹೋದ ತಕ್ಷಣ ರೂಟರ್ ಆರುತ್ತದೆ, ಫೋನ್ ಮೊಬೈಲ್ ಡೇಟಾಕ್ಕೆ ಜಿಗಿಯುತ್ತದೆ, ಅಷ್ಟರಲ್ಲಿ ಆಟ ಕಡಿದುಹೋಗಿರುತ್ತದೆ. ಇದಕ್ಕೆ ರೂಟರಿನ ಮಿನಿ ಯುಪಿಎಸ್ ಸಾಕು. ಕೊಳ್ಳುವ ಮುಂಚೆ ಅಡಾಪ್ಟರ್ ಮೇಲೆ ಬರೆದ ವೋಲ್ಟ್ ನೋಡಿ. 12 ವೋಲ್ಟ್ ಇದ್ದರೆ 12ರದ್ದೇ ಬೇಕು, ಆಂಪಿಯರ್ ಅಷ್ಟೇ ಅಥವಾ ಹೆಚ್ಚು ಇರಬೇಕು. ಫೈಬರ್ ಡಬ್ಬಿ, ರೂಟರ್ ಬೇರೆಬೇರೆ ಇದ್ದರೆ ಎರಡಕ್ಕೂ ಕರೆಂಟ್ ಕೊಡಬೇಕು. ಆದರೂ ಬೀದಿಯಲ್ಲಿರುವ ಕೇಬಲ್‌ನವರ ಪೆಟ್ಟಿಗೆಗೇ ಕರೆಂಟ್ ಇಲ್ಲದಿದ್ದರೆ ನಿಮ್ಮ ಯುಪಿಎಸ್ ಏನೂ ಮಾಡಲಾರದು. ಅಂಥ ಸಂಜೆ ಅಂಕ ಏರಿಳಿಯುವ ರ‍್ಯಾಂಕ್ ಆಡಬೇಡಿ, ಟ್ರೈನಿಂಗ್ ಮಾಡಿ.

ಫೋನಿನ ವಿಷಯ ಚಿಕ್ಕದು. ಗ್ರಾಫಿಕ್ಸ್ ಸ್ಮೂತ್‌ನಲ್ಲಿಡಿ. ಸೆಕೆಂಡಿಗೆ 90 ಫ್ರೇಮ್ (ಚಿತ್ರ) ಇಟ್ಟು ಬಿಸಿಯಾದ ಮೇಲೆ 50ಕ್ಕೆ ಬೀಳುವುದಕ್ಕಿಂತ ಕೊನೆವರೆಗೂ 60 ನಿಲ್ಲುವುದು ಒಳ್ಳೆಯದು. ಚಾರ್ಜಿಗೆ ಹಾಕಿಕೊಂಡು ಆಡಬೇಡಿ, ಕವರ್ ತೆಗೆದಿಡಿ. ಇಯರ್‌ಫೋನ್ ವೈರಿನದ್ದೇ ಇರಲಿ. ಬ್ಲೂಟೂತ್‌ನಲ್ಲಿ ಹೆಜ್ಜೆ ಸದ್ದು ತಡವಾಗಿ ಬರುತ್ತದೆ. ಕಡೂರು, ಅರಸೀಕೆರೆಯ ಬೇಸಿಗೆಯಲ್ಲಿ ಬೆರಳು ಬೆವರಿ ಪರದೆಗೆ ಅಂಟುವವರಿಗೆ ಫಿಂಗರ್ ಸ್ಲೀವ್ ನಿಜಕ್ಕೂ ಕೆಲಸಕ್ಕೆ ಬರುತ್ತದೆ.

ಇನ್ನು ಕೈ. ಗನ್ ಒಂದೇ ಹಿಡಿಯಿರಿ, ಎಂ416. 5.56 ಗುಂಡು ಎಲ್ಲೆಡೆ ಸಿಗುತ್ತದೆ, ಕಾಂಪೆನ್ಸೇಟರ್, ಗ್ರಿಪ್, ಟ್ಯಾಕ್ಟಿಕಲ್ ಸ್ಟಾಕ್ ಎಂಬ ಬಿಡಿಭಾಗಗಳು ಸೇರಿದರೆ ರಿಕಾಯಿಲ್ (ಹಾರಿಸುವಾಗ ಗನ್ ಎಗರುವುದು) ಹಿಡಿತಕ್ಕೆ ಬರುತ್ತದೆ. ಎಕೆಎಂ ಹೊಡೆತ ಜೋರು ನಿಜ, ಆದರೆ ಕಲಿಯುವ ಕೈಗೆ ಅದು ಬೇಡ.

ಸೆನ್ಸಿಟಿವಿಟಿಯಲ್ಲಿ ಗೊಂದಲವಾಗುವುದು ಎರಡು ಪಟ್ಟಿಗಳ ನಡುವೆ. ‘ಕ್ಯಾಮೆರಾ’ ಅಂತ ಇರುವುದು ಗುಂಡು ಹಾರಿಸದೆ ತಿರುಗುವಾಗ. ‘ಎಡಿಎಸ್’ ಅಂತ ಇರುವುದು ಗುಂಡು ಹಾರುತ್ತಿರುವಾಗ. ಜೈರೋಗೂ ಇದೇ ಜೋಡಿ ಇದೆ. ಸ್ಪ್ರೇ (ಬಿಡದೆ ಹಾರಿಸುವ ಗುಂಡುಗಳು) ಮೇಲೆ ಹೋಗುತ್ತದೆ ಅಂತ ಕ್ಯಾಮೆರಾ ಸಂಖ್ಯೆ ಬದಲಿಸುತ್ತಾ ಕೂತರೆ ಏನೂ ಆಗುವುದಿಲ್ಲ.

ಹೊಂದಿಸುವ ಕ್ರಮ ಹೀಗೆ. ಟ್ರೈನಿಂಗ್ ಮೈದಾನದಲ್ಲಿ ಗೋಡೆಯಿಂದ ಸುಮಾರು 30 ಮೀಟರ್ ದೂರ ನಿಂತು, ಯಾವ ಅಟ್ಯಾಚ್‌ಮೆಂಟೂ ಇಲ್ಲದ ಎಂ416ಗೆ ರೆಡ್ ಡಾಟ್ (ಜೂಮ್ ಇಲ್ಲದ ಸ್ಕೋಪ್) ಮಾತ್ರ ಹಾಕಿ 30 ಗುಂಡೂ ಒಂದೇ ಉಸಿರಿಗೆ ಹಾರಿಸಿ. ಜೈರೋ ‘ಆಲ್ವೇಸ್ ಆನ್’ ಇರಲಿ. ಫೋನಿನ ಮೇಲಂಚನ್ನು ಮುಂದಕ್ಕೆ ಬಾಗಿಸಿದರೆ ಗುರಿ ಇಳಿಯುತ್ತದೆ. ಮಣಿಕಟ್ಟು ಆರಾಮಾಗಿ ಬಾಗಿಯೂ ಗುಂಡಿನ ಗುರುತು ಮೇಲೇರಿದರೆ ಎಡಿಎಸ್ ಜೈರೋವನ್ನು 20 ಏರಿಸಿ. ಗುರುತು ನೆಲದ ಕಡೆ ಇಳಿದರೆ ಅಥವಾ ಎಡಬಲ ನಡುಗಿದರೆ 10 ಇಳಿಸಿ. ರೆಡ್ ಡಾಟ್ ಕೂತ ಮೇಲೆ 3 ಎಕ್ಸ್, ಅದಾದ ಮೇಲೆ 6 ಎಕ್ಸ್. ಜೂಮ್ ಹೆಚ್ಚಿದಂತೆ ಸಂಖ್ಯೆ ಕಡಿಮೆಯಾಗಬೇಕು. ಕೂತ ಸಂಖ್ಯೆಯನ್ನು ಒಂದು ವಾರ ಮುಟ್ಟಬೇಡಿ. ದಿನಕ್ಕೊಂದು ಬದಲಿಸಿದರೆ ಮಣಿಕಟ್ಟು ಯಾವುದನ್ನೂ ಕಲಿಯುವುದಿಲ್ಲ.

ಅದೇ ಕುರ್ಚಿ, ಅದೇ ಭಂಗಿ. ಮಲಗಿ ಒಂದು ದಿನ, ಕೂತು ಒಂದು ದಿನ ಆಡಿದರೆ ಜೈರೋ ಕೈಗೆ ಹತ್ತುವುದಿಲ್ಲ. ಬಸ್ಸಿನಲ್ಲಂತೂ ಬೇಡವೇ ಬೇಡ. ಚಾರ್ಮಾಡಿ ತಿರುವಿನಲ್ಲಿ ಡ್ರೈವರ್ ಸ್ಟೀರಿಂಗ್ ತಿರುಗಿಸಿದಾಗ ನಿಮ್ಮ ಸ್ಕೋಪೂ ತಿರುಗುತ್ತದೆ, ಸೆನ್ಸರಿಗೆ ಬಸ್ಸು, ಕೈ ಎಂಬ ಭೇದ ಗೊತ್ತಿಲ್ಲ.

ದಿನಕ್ಕೆ 20 ನಿಮಿಷ ಸ್ಪ್ರೇ, ಆಮೇಲೆ ಎರಡು ಟಿಡಿಎಂ (ಎರಡು ತಂಡಗಳ ಚಿಕ್ಕ ಕಾಳಗ), ಸಾಕು. 40 ಕಿಲ್‌ಗೆ ಮುಗಿಯುವ ಟಿಡಿಎಂನಲ್ಲಿ ಸತ್ತರೆ ತಕ್ಷಣ ಹುಟ್ಟುತ್ತೀರಿ, ಹಾಗಾಗಿ ಗೋಡೆ, ಕಲ್ಲಿನ ಹಿಂದೆ ಅವಿತುಕೊಳ್ಳುವುದನ್ನು ಮರೆಯುವ ಚಟ ಹತ್ತುತ್ತದೆ. ಬೆರಳಿಗೆ ಅದು ಒಳ್ಳೆಯದು, ಬುದ್ಧಿಗೆ ಅಲ್ಲ.

ನನ್ನ ಲೆಕ್ಕದಲ್ಲಿ ಹೊಸಬರ ನೋಟ್‌ಬುಕ್ಕಿನಲ್ಲಿ ಕೊನೆಗೆ ತುಂಬುವುದು ಮೂರನೇ ಕಾಲಮ್ಮೇ. ಥರ್ಡ್ ಪರ್ಸನ್ ಆಟದಲ್ಲಿ (ಕ್ಯಾಮೆರಾ ಆಟಗಾರನ ಬೆನ್ನ ಹಿಂದಿರುತ್ತದೆ) ಗೋಡೆ ಹಿಂದೆ ನಿಂತವನಿಗೆ ಹೊರಗೆ ಓಡುವವನು ಕಾಣುತ್ತಾನೆ, ಓಡುವವನಿಗೆ ಅವನು ಕಾಣುವುದಿಲ್ಲ. ಅಂದರೆ ಮೊದಲು ಜಾಗ ಹಿಡಿದವನಿಗೆ ಪುಕ್ಕಟೆ ಲಾಭ. ಎರಾಂಗೆಲ್ ಮ್ಯಾಪಿನಲ್ಲಿ ಜನ ಮುಗಿಬೀಳುವ ಪೊಚಿಂಕಿ, ಸ್ಕೂಲ್ ಬಿಟ್ಟು ಗಟ್ಕಾ ಅಥವಾ ಲಿಪೋವ್ಕಾದಂಥ ಕಡೆ ಇಳಿಯಿರಿ, ಲೂಟ್ (ಗನ್, ಗುಂಡು, ಔಷಧಿ ಆಯುವುದು) ಬೇಗ ಮುಗಿಸಿ, ಗಾಡಿ ಹಿಡಿದು ಮುಂದಿನ ಸುರಕ್ಷಿತ ಜಾಗ ತೋರಿಸುವ ಬಿಳಿ ವೃತ್ತದ ಒಳಗೆ ಮೊದಲೇ ಹೋಗಿ ಕೂರಿ. ಆಚೆಯಿಂದ ಒತ್ತಿ ಬರುವ ನೀಲಿ ಝೋನ್ ಪ್ರತಿ ಹಂತದಲ್ಲೂ ಹೆಚ್ಚು ಸುಡುತ್ತದೆ, ಕೊನೆ ಗಳಿಗೆಯಲ್ಲಿ ಬಯಲಲ್ಲಿ ಓಡುವವನನ್ನು ಹೊಡೆಯಲು ಮೂರು ಸ್ಕ್ವಾಡ್ (ತಂಡ) ಕಾದಿರುತ್ತವೆ. ಗುಂಡು ಹಾರಿಸುವ ಮುಂಚೆ ಒಂದೇ ಪ್ರಶ್ನೆ: ಇವನು ತಿರುಗಿ ಹೊಡೆದರೆ ನಾನು ಎಲ್ಲಿ ಅವಿತುಕೊಳ್ಳಲಿ? ಉತ್ತರ ಇಲ್ಲದಿದ್ದರೆ ಹಾರಿಸಬೇಡಿ.

ಫಸ್ಟ್ ಏಡ್‌ಗೆ 6 ಸೆಕೆಂಡ್, ಮೆಡ್ ಕಿಟ್‌ಗೆ 8 ಬೇಕು. ಫಸ್ಟ್ ಏಡ್ ಜೀವ ತುಂಬುವುದು 100ರಲ್ಲಿ 75ರ ವರೆಗೆ ಮಾತ್ರ. ಮಿಕ್ಕಿದ್ದಕ್ಕೆ ಎನರ್ಜಿ ಡ್ರಿಂಕ್, ಪೇನ್‌ಕಿಲ್ಲರ್. ಅಷ್ಟು ಹೊತ್ತು ಹೊಡೆಸಿಕೊಳ್ಳದಿರಲು ಮೊದಲು ಸ್ಮೋಕ್ (ಹೊಗೆ ಬಾಂಬ್), ಆಮೇಲೆ ಔಷಧಿ. ನಾನು ಬ್ಯಾಗಿನಲ್ಲಿ ಗುಂಡು ಕಮ್ಮಿ ಮಾಡಿಯಾದರೂ ಮೂರು ಸ್ಮೋಕ್ ಇಟ್ಟುಕೊಳ್ಳುತ್ತೇನೆ.

ಸ್ಕ್ವಾಡ್‌ನಲ್ಲಿ ‘ಅಲ್ಲಿದಾನೆ, ಅಲ್ಲಿದಾನೆ’ ಅನ್ನುವುದು ನಿಲ್ಲಬೇಕು. ಪರದೆಯ ಮೇಲ್ತುದಿಯ ದಿಕ್ಸೂಚಿಯ ಸಂಖ್ಯೆ ಹೇಳಿ: ‘120, ಕಲ್ಲಿನ ಹಿಂದೆ, ಒಬ್ಬ’. ನಾಕ್ ಆದವನೂ (ಹೊಡೆತಕ್ಕೆ ನೆಲಕ್ಕೆ ಬಿದ್ದವನು) ಮೊದಲು ಇದನ್ನೇ ಹೇಳಬೇಕು, ‘ರಿವೈವ್ ಕೊಡ್ರೋ’ (ಎಬ್ಬಿಸ್ರೋ) ಅನ್ನುವುದು ಆಮೇಲೆ.