ಸಣ್ಣ ಆಪ್‌ಗೆ ಸಣ್ಣ ಡೇಟಾಬೇಸ್: ಟೈನಿಡಿಬಿ ಬಳಸುವುದು ಹೇಗೆ?

“ಪುಸ್ತಕ ಕಪಾಟಿನಲ್ಲೇ ಇದೆ, ನಿಮ್ಮ ಕಂಪ್ಯೂಟರ್ ಮಾತ್ರ ಇಲ್ಲ ಅನ್ನುತ್ತಲ್ಲಪ್ಪಾ!”

ನಮ್ಮ ಬಡಾವಣೆಯ ಪುಟ್ಟ ಲೈಬ್ರರಿ ನೋಡಿಕೊಳ್ಳುವ ನಿವೃತ್ತ ಮೇಷ್ಟ್ರು ಹೀಗೆ ಫೋನ್ ಮಾಡಿದ್ದು ಒಂದು ಸಲ ಅಲ್ಲ. ಅಲ್ಲಿರುವುದು 600 ಚಿಲ್ಲರೆ ಪುಸ್ತಕ, 80 ಜನ ಸದಸ್ಯರು. ಅಷ್ಟಕ್ಕೆ ಕಾಲೇಜು ಹುಡುಗರು ಮೊದಲು ಹಾಕಿಕೊಟ್ಟಿದ್ದು ದೊಡ್ಡ ಡೇಟಾಬೇಸ್ ಸರ್ವರ್. ಹಳೇ ಲ್ಯಾಪ್‌ಟಾಪ್ ಆನ್ ಮಾಡಿ, ಸರ್ವರ್ ಎದ್ದಿದೆಯಾ ಇಲ್ಲವಾ ಅಂತ ನೋಡುವುದೇ ದಿನಾ ಒಂದು ಕೆಲಸ. ಪಾಸ್‌ವರ್ಡ್ ಮರೆತ ದಿನ ಲೈಬ್ರರಿಗೇ ರಜೆ. ಆಮೇಲೆ ಹುಡುಗರು ಪೈಥಾನ್ ಪ್ರೋಗ್ರಾಂ ಒಳಗೇ ಬಳಸುವ ಪುಟ್ಟ ಡೇಟಾಬೇಸ್ ಟೈನಿಡಿಬಿಗೆ ಬದಲಾಯಿಸಿದರು. ಆಯ್ಕೆ ಸರಿ, ಬಳಸಿದ ರೀತಿ ತಪ್ಪು. ಅದನ್ನು ಬಿಚ್ಚಿ ಸರಿಮಾಡುವಾಗ ಕಂಡದ್ದೇ ಈ ಲೇಖನ. ನಿಮಗೆ ಪೈಥಾನ್ ಅಲ್ಪಸ್ವಲ್ಪ ಬರುತ್ತೆ ಅಂದುಕೊಂಡು ಬರೆದಿದ್ದೇನೆ.

ಟೈನಿಡಿಬಿ ಒಂದು ಡಾಕ್ಯುಮೆಂಟ್ ಡೇಟಾಬೇಸ್. ಅಂದರೆ ಚೀಟಿಗಳ ಡಬ್ಬ ಅಂದುಕೊಳ್ಳಿ. ಒಂದು ಪುಸ್ತಕಕ್ಕೆ ಒಂದು ಚೀಟಿ. ಎಲ್ಲ ಚೀಟಿಯಲ್ಲೂ ಒಂದೇ ಕಾಲಂಗಳು ಇರಬೇಕು ಅಂತಿಲ್ಲ. ಅನುವಾದವಾದರೆ ಅನುವಾದಕರ ಹೆಸರು ಬರೆಯಿರಿ, ಇಲ್ಲದಿದ್ದರೆ ಆ ಸಾಲೇ ಬೇಡ. ಟೈನಿಡಿಬಿ ಈ ಚೀಟಿಗಳನ್ನೆಲ್ಲ ಒಂದೇ ಜೇಸನ್ (ಮಾಹಿತಿಯನ್ನು ಸಾದಾ ಪಠ್ಯವಾಗಿ ಬರೆದಿಡುವ ಒಂದು ರೀತಿ) ಫೈಲ್‌ನಲ್ಲಿ ಇಡುತ್ತದೆ. ಸರ್ವರ್ ಇಲ್ಲ, ಪಾಸ್‌ವರ್ಡ್ ಇಲ್ಲ. ಫೈಲ್ ಕಾಪಿ ಮಾಡಿಕೊಂಡರೆ ಡೇಟಾಬೇಸೇ ಕಾಪಿ ಆದ ಹಾಗೆ.

ಹೆಜ್ಜೆ 1: ಇನ್‌ಸ್ಟಾಲ್

ಟರ್ಮಿನಲ್‌ನಲ್ಲಿ ‘ಪಿಪ್ ಇನ್‌ಸ್ಟಾಲ್ ಟೈನಿಡಿಬಿ’. ಮುಗಿಯಿತು.

ಹೆಜ್ಜೆ 2: ಫೈಲ್ ತೆರೆಯುವುದು

ಫೈಲ್ ಹೆಸರು ಕೊಟ್ಟು ಟೈನಿಡಿಬಿಯನ್ನು ಕರೆದರೆ ಸಾಕು, ಫೈಲ್ ಇಲ್ಲದಿದ್ದರೆ ಅದೇ ಹುಟ್ಟಿಸುತ್ತದೆ. ಆದರೆ ಕನ್ನಡ ಬರೆಯುವವರು ಇಲ್ಲಿ ಎರಡು ಮಾತು ಜಾಸ್ತಿ ಸೇರಿಸಬೇಕು. ಸುಮ್ನೆ ತೆರೆದರೆ ‘ಕ’ ಅನ್ನುವ ಅಕ್ಷರ ಫೈಲ್‌ನಲ್ಲಿ ‘\ಯು0ಸಿ95’ ಅನ್ನುವಂಥ ಸಂಕೇತವಾಗಿ ಕೂರುತ್ತದೆ. ಪ್ರೋಗ್ರಾಂಗೆ ಅದು ಓದಲು ಬರುತ್ತೆ, ನಿಮಗೆ ಬರಲ್ಲ. ನೋಟ್‌ಪ್ಯಾಡ್‌ನಲ್ಲಿ ತೆರೆದು ಕಣ್ಣಲ್ಲೇ ನೋಡಬಹುದು ಅನ್ನುವುದೇ ಇದರ ದೊಡ್ಡ ಅನುಕೂಲ, ಅದೇ ಹೋಗುತ್ತೆ. ಜೊತೆಗೆ 3 ಬೈಟ್ ಹಿಡಿಯಬೇಕಾದ ಅಕ್ಷರ 6 ಬೈಟ್ ಹಿಡಿಯುತ್ತದೆ. ಹಾಗಾಗಿ ತೆರೆಯುವಾಗಲೇ ‘ಎನ್‌ಶೂರ್ ಆಸ್ಕಿ’ಯನ್ನು ಫಾಲ್ಸ್ ಮಾಡಿ (ಎರಡು ಪದಗಳ ನಡುವೆ ಅಂಡರ್‌ಸ್ಕೋರ್ ಇರಲಿ), ‘ಎನ್‌ಕೋಡಿಂಗ್’ ಯುಟಿಎಫ್-8 ಅಂತ ಹೇಳಿ. ಮೊದಲನೆಯದು ಮಾತ್ರ ಹಾಕಿ ಎರಡನೆಯದು ಬಿಟ್ಟರೆ ವಿಂಡೋಸ್‌ನಲ್ಲಿ ಕನ್ನಡ ಬರೆಯಲು ಹೋದಾಗ ಸಾಮಾನ್ಯವಾಗಿ ಎರರ್ ಬರುತ್ತದೆ. ನಾನು ‘ಇಂಡೆಂಟ್’ ಕೂಡ 2 ಅಂತ ಕೊಡುತ್ತೇನೆ, ಸಾಲು ಸಾಲಾಗಿ ಚೆನ್ನಾಗಿ ಕಾಣುತ್ತೆ.

ಹೆಜ್ಜೆ 3: ಚೀಟಿಯಲ್ಲಿ ಏನು ಬರೆಯಬೇಕು?

ಎಲ್ಲರೂ ಎಡವುವುದು ಇಲ್ಲೇ. ಚೀಟಿ ಸೇರಿಸಲು ‘ಇನ್ಸರ್ಟ್’ ಅಂದರೆ ಸಾಕು, ಅದರಲ್ಲೇನೂ ಕಷ್ಟವಿಲ್ಲ. ಆದರೆ ಸಾಲಿನಲ್ಲಿ ಅಕ್ಷರ ಕೊಟ್ಟರೂ ಸಂಖ್ಯೆ ಕೊಟ್ಟರೂ ಟೈನಿಡಿಬಿ ಕೇಳದೆ ತೆಗೆದುಕೊಳ್ಳುತ್ತದೆ. ‘ಇದು ಸಂಖ್ಯೆ ಇರಬೇಕಿತ್ತಲ್ವಾ?’ ಅಂತ ಕೇಳುವವರು ಅಲ್ಲಿ ಯಾರೂ ಇಲ್ಲ. ಆ ಮೇಸ್ತ್ರಿ ಕೆಲಸ ನಿಮ್ಮದೇ.

ಮೊದಲು ದಿನಾಂಕ. ಪೈಥಾನ್‌ನ ದಿನಾಂಕವನ್ನು ಹಾಗೇ ಕೊಟ್ಟರೆ ಜೇಸನ್‌ಗೆ ಗೊತ್ತಾಗಲ್ಲ, ಎರರ್ ಬರುತ್ತದೆ. ಆಗ ಹುಡುಗರು ಮಾಡುವ ಉಪಾಯ ‘07-06-2025’ ಅಂತ ಅಕ್ಷರದಲ್ಲಿ ಬರೆಯುವುದು. ಎರರ್ ಹೋಯಿತು, ತಪ್ಪು ಉಳಿಯಿತು. ಅಕ್ಷರಗಳನ್ನು ಎಡದಿಂದ ಹೋಲಿಸುವಾಗ ಜೂನ್ 7ಕ್ಕಿಂತ ಜನವರಿ 25 ದೊಡ್ಡದಾಗಿಬಿಡುತ್ತದೆ. ಗಡುವು ದಾಟಿದ ಪುಸ್ತಕಗಳ ಪಟ್ಟಿ ಕೇಳಿದರೆ ಏನೇನೋ ಬರುತ್ತದೆ. ‘2025-06-07’ ಅಂತ ವರ್ಷ ಮೊದಲು ಬರೆಯಿರಿ. ಆಗ ಅಕ್ಷರದ ಕ್ರಮವೂ ಕಾಲದ ಕ್ರಮವೂ ಒಂದೇ.

ಆಮೇಲೆ ಸಂಖ್ಯೆ. ಕೀಬೋರ್ಡಿನಿಂದ ‘ಇನ್‌ಪುಟ್’ ಮೂಲಕ ಬಂದದ್ದೆಲ್ಲ ಅಕ್ಷರವೇ. 90 ಅನ್ನುವ ಬೆಲೆಯನ್ನು ‘ಇಂಟ್’ ಮಾಡದೆ ಹಾಕಿದರೆ, ನಾಳೆ 90ಕ್ಕೆ ಸಮ ಇರುವುದನ್ನು ಹುಡುಕಿದಾಗ ಖಾಲಿ ಪಟ್ಟಿ ಸಿಗುತ್ತದೆ. ಅಂದಹಾಗೆ, ಯಾರಾದರೂ ‘೯೦’ ಅಂತ ಕನ್ನಡ ಅಂಕಿ ಹೊಡೆದರೂ ಪೈಥಾನ್‌ನ ‘ಇಂಟ್’ ಅದನ್ನು ಸರಿಯಾಗಿ 90 ಮಾಡಿಕೊಡುತ್ತದೆ. ಇದು ಗೊತ್ತಾದಾಗ ಮೇಷ್ಟ್ರಿಗೆ ಆದ ಖುಷಿ ನೋಡಬೇಕಿತ್ತು.

ಮೂರನೆಯದು ಹೆಸರು, ಮೇಷ್ಟ್ರ ಫೋನಿಗೆ ಕಾರಣವಾದದ್ದು. ‘ರಮೇಶ್’ ಅನ್ನುವ ಹೆಸರು ತೆಗೆದುಕೊಳ್ಳಿ. ಕಂಪ್ಯೂಟರ್ ಲೆಕ್ಕದಲ್ಲಿ ಇದು ಐದು ತುಂಡು: ರ, ಮ, ಏತ್ವ, ಶ, ವಿರಾಮ. ಕೆಲವು ಕೀಬೋರ್ಡ್‌ಗಳು ಕೊನೆಯ ವಿರಾಮದ ನಂತರ ಕಣ್ಣಿಗೆ ಕಾಣದ ಇನ್ನೊಂದು ತುಂಡು ಸೇರಿಸುತ್ತವೆ. ಝೀರೋ ವಿಡ್ತ್ ನಾನ್ ಜಾಯ್ನರ್ ಅಂತ ಅದರ ಹೆಸರು. ಆಗ ಆರು ತುಂಡು. ಪರದೆ ಮೇಲೆ ಎರಡೂ ಒಂದೇ, ಹುಡುಕಾಟದಲ್ಲಿ ಎರಡೂ ಬೇರೆ. ಹುಡುಗರು ಪುಸ್ತಕಗಳನ್ನು ಒಂದು ಕೀಬೋರ್ಡ್‌ನಲ್ಲಿ ಟೈಪ್ ಮಾಡಿದ್ದರು, ಮೇಷ್ಟ್ರು ಹುಡುಕುತ್ತಿದ್ದದ್ದು ಇನ್ನೊಂದರಲ್ಲಿ. ‘ಓ’ಕಾರದ್ದೂ ಇದೇ ಕಥೆ. ಅದನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಮೂರು ಸಂಕೇತ ಜೋಡಿಸಿಯೂ ಬರೆಯಬಹುದು.

ಪರಿಹಾರ ಇಷ್ಟು. ಚೀಟಿಯಲ್ಲಿ ಹೆಸರಿಗೆ ಎರಡು ಜಾಗ ಇಡಿ. ಒಂದು ತೋರಿಸುವ ಹೆಸರು, ಬಂದ ಹಾಗೇ ಇರಲಿ. ಇನ್ನೊಂದು ಹುಡುಕುವ ಹೆಸರು. ಅದನ್ನು ಪೈಥಾನ್ ಜೊತೆಗೇ ಬರುವ ‘ಯೂನಿಕೋಡ್‌ಡೇಟಾ’ದ ನಾರ್ಮಲೈಸ್‌ನಿಂದ ‘ಎನ್‌ಎಫ್‌ಸಿ’ ರೂಪಕ್ಕೆ (ಜೋಡಿಸಿ ಬರೆದದ್ದನ್ನು ಒಂದೇ ಸಂಕೇತವಾಗಿಸುವ ರೂಪ) ತನ್ನಿ, ಕಾಣದ ಜಾಯ್ನರ್‌ಗಳನ್ನು ಕಿತ್ತುಹಾಕಿ, ಹಿಂದೆ ಮುಂದೆ ಇರುವ ಖಾಲಿ ಜಾಗ ಅಳಿಸಿ. ಎನ್‌ಎಫ್‌ಸಿ ಒಂದೇ ಸಾಕು ಅಂತ ಬಿಡಬೇಡಿ, ಅದು ಜಾಯ್ನರ್‌ಗಳನ್ನು ಮುಟ್ಟುವುದಿಲ್ಲ. ಆದರೆ ತೋರಿಸುವ ಹೆಸರಿನಿಂದ ಜಾಯ್ನರ್ ಕೀಳಬೇಡಿ, ‘ರಾಜ್‌ಕುಮಾರ್’ ಹೋಗಿ ‘ರಾಜ್ಕುಮಾರ್’ ಆಗುತ್ತದೆ. ಹುಡುಕುವವರು ಹೊಡೆದ ಪದಕ್ಕೂ ಇದೇ ಸ್ನಾನ ಮಾಡಿಸಿ, ಆಮೇಲೆ ಹೋಲಿಸಿ.

ಇನ್ನೊಂದು ಮಾತು. ಪ್ರತಿ ಚೀಟಿಗೂ ಟೈನಿಡಿಬಿ ತಾನೇ ಒಂದು ನಂಬರ್ ಕೊಡುತ್ತದೆ. ಅದನ್ನು ಪುಸ್ತಕದ ಬೆನ್ನಿಗೆ ಅಂಟಿಸಬೇಡಿ. ಕೊನೆಯ ಚೀಟಿ ಅಳಿಸಿ, ಪ್ರೋಗ್ರಾಂ ಮುಚ್ಚಿ ಮತ್ತೆ ತೆರೆದರೆ, ಆ ನಂಬರ್ ಹೊಸ ಪುಸ್ತಕಕ್ಕೆ ಹೋಗಬಹುದು. ಲೈಬ್ರರಿಯ ರಿಜಿಸ್ಟರ್ ನಂಬರ್ ಬೇರೆಯೇ ಇರಲಿ.

ಹೆಜ್ಜೆ 4: ಹುಡುಕುವುದು

‘ಕ್ವೆರಿ’ ಇಟ್ಟುಕೊಂಡು ‘ಸರ್ಚ್’ ಮಾಡಿ. ಒಂದೇ ಷರತ್ತಾದರೆ ಕಷ್ಟವಿಲ್ಲ. ಎರಡು ಸೇರಿಸುವಾಗ ಪೈಥಾನ್‌ನ ‘ಆಂಡ್’ ಪದ ಹಾಕಬೇಡಿ, & ಚಿಹ್ನೆ ಹಾಕಿ. ‘ಆಂಡ್’ ಹಾಕಿದರೆ ಎರರ್ ಕೂಡ ಬರಲ್ಲ. ಮೊದಲ ಷರತ್ತು ಸದ್ದಿಲ್ಲದೆ ಬಿದ್ದುಹೋಗಿ ಎರಡನೆಯದು ಮಾತ್ರ ನಡೆಯುತ್ತದೆ. ‘ಈ ಲೇಖಕರ, ಹೊರಗೆ ಹೋಗಿರುವ ಪುಸ್ತಕ’ ಅಂತ ಕೇಳಿದರೆ ಹೊರಗೆ ಹೋಗಿರುವ ಎಲ್ಲವೂ ಬರುತ್ತದೆ. & ಹಾಕಿದಾಗ ಪ್ರತಿ ಷರತ್ತಿಗೂ ಆವರಣ ಚಿಹ್ನೆ ಕಡ್ಡಾಯ. ಅದನ್ನು ಮರೆತರೆ ಎರರ್ ಬಂದು ಬೈಸಿಕೊಳ್ಳುತ್ತೀರಿ, ಅದು ವಾಸಿ.

ಕಾಲಂ ಹೆಸರಿನ ಸ್ಪೆಲ್ಲಿಂಗ್ ತಪ್ಪಾದರೂ ಸಿಗುವುದು ಖಾಲಿ ಪಟ್ಟಿಯೇ. ‘ಇಲ್ಲ’ ಅಂತ ಬಂದಾಗಲೆಲ್ಲ ಮೊದಲು ಸ್ಪೆಲ್ಲಿಂಗ್ ನೋಡಿ.

ಹೆಜ್ಜೆ 5: ತಿದ್ದುವುದು, ಅಳಿಸುವುದು

‘ಅಪ್‌ಡೇಟ್’ ಮಾಡುವಾಗ ಷರತ್ತು ಕೊಡಲು ಮರೆತರೆ ಎಲ್ಲ ಚೀಟಿಗಳೂ ಬದಲಾಗುತ್ತವೆ. ಒಂದು ಸಂಜೆ ನಮ್ಮ 600 ಪುಸ್ತಕವೂ ಒಬ್ಬರೇ ಅಜ್ಜಿಯ ಹೆಸರಿಗೆ ಹೋಗಿದ್ದವು! ‘ರಿಮೂವ್’ ಪರವಾಗಿಲ್ಲ, ಷರತ್ತಿಲ್ಲದೆ ಕರೆದರೆ ಒಪ್ಪುವುದಿಲ್ಲ.

ಹೆಜ್ಜೆ 6: ಉಳಿಸುವುದು

ಒಂದು ಚೀಟಿ ತಿದ್ದಿದರೂ ಟೈನಿಡಿಬಿ ಇಡೀ ಫೈಲನ್ನು ಮತ್ತೆ ಬರೆಯುತ್ತದೆ. 600 ಚೀಟಿಗೆ ಅದು ಕಣ್ಣು ಮಿಟುಕಿಸುವಷ್ಟರ ಕೆಲಸ. ಆದರೆ ಬರೆಯುವ ನಡುವೆ ಕರೆಂಟ್ ಹೋದರೆ ಫೈಲ್ ಅರ್ಧಂಬರ್ಧ ಆಗಬಹುದು. ಪ್ರೋಗ್ರಾಂ ಶುರುವಾಗುವಾಗ ಆ ದಿನದ ತಾರೀಕು ಹಾಕಿ ಫೈಲ್‌ನ ಒಂದು ಕಾಪಿ ತೆಗೆದಿಡಿ. ಎರಡು ಸಾಲಿನ ಕೋಡ್, ಸೋಮಾರಿತನ ಬೇಡ.

‘ಸ್ಪೀಡ್ ಆಗುತ್ತೆ, ಕ್ಯಾಶಿಂಗ್ ಮಿಡಲ್‌ವೇರ್ ಹಾಕಿ’ ಅಂತ ಸಲಹೆ ಕೊಡುವವರಿದ್ದಾರೆ. ಸ್ಪೀಡ್ ಆಗುವುದು ನಿಜ, ಯಾಕೆಂದರೆ ಅದು ಮಾಮೂಲಾಗಿ 1000 ಸಲ ಬರೆಯುವವರೆಗೂ ಎಲ್ಲವನ್ನೂ ಮೆಮೊರಿಯಲ್ಲೇ ಇಟ್ಟುಕೊಳ್ಳುತ್ತದೆ. ದಿನಕ್ಕೆ 30 ಪುಸ್ತಕ ಕೊಡುವ ಲೈಬ್ರರಿಯಲ್ಲಿ, ಡೇಟಾಬೇಸನ್ನು ಸರಿಯಾಗಿ ‘ಕ್ಲೋಸ್’ ಮಾಡದೆ ಲ್ಯಾಪ್‌ಟಾಪ್ ಆಫ್ ಆದರೆ ಇಡೀ ದಿನದ ಲೆಕ್ಕ ನೀರುಪಾಲು. ಸಣ್ಣ ಆಪ್‌ಗೆ ಇದು ಬೇಡವೇ ಬೇಡ.

ಇನ್ನು, ಒಂದೇ ಫೈಲನ್ನು ಎರಡು ಪ್ರೋಗ್ರಾಂಗಳು ಏಕಕಾಲಕ್ಕೆ ಮುಟ್ಟಬಾರದು. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಅಳಿಸುತ್ತಾರೆ. ಟೈನಿಡಿಬಿ ಮಾಡಿದವರೇ ತಮ್ಮ ಕೈಪಿಡಿಯಲ್ಲಿ ಇದನ್ನು ಬರೆದಿದ್ದಾರೆ: ಹಲವು ಪ್ರೋಸೆಸ್ ಅಥವಾ ಥ್ರೆಡ್‌ಗಳಿಂದ ಬಳಸಬೇಕಾದರೆ, ಇಂಡೆಕ್ಸ್ (ಬೇಗ ಹುಡುಕಲು ಇಡುವ ಸೂಚಿ) ಬೇಕಾದರೆ ಇದು ಬೇಡ ಅಂತ. ನಿಮ್ಮಲ್ಲಿ ಎರಡು ಕೌಂಟರ್ ಇದ್ದರೆ ಎಸ್‌ಕ್ಯೂಲೈಟ್‌ಗೆ ಹೋಗಿ. ಅದೂ ಒಂದೇ ಫೈಲ್, ಅದಕ್ಕೂ ಸರ್ವರ್ ಬೇಡ, ಬಳಸಲು ಬೇಕಾದ ಮಾಡ್ಯೂಲ್ ಪೈಥಾನ್ ಜೊತೆಗೇ ಬರುತ್ತದೆ. ಹೆಜ್ಜೆ 3ರಲ್ಲಿ ಹೇಳಿದಂತೆ ಚೀಟಿಗಳನ್ನು ಅಚ್ಚುಕಟ್ಟಾಗಿ ಇಟ್ಟಿದ್ದರೆ ಅಲ್ಲಿಗೆ ಸಾಗಿಸುವುದು ಒಂದು ಮಧ್ಯಾಹ್ನದ ಕೆಲಸ. ನಮ್ಮ ಲೈಬ್ರರಿಗೆ ಇನ್ನೂ ಒಂದೇ ಕೌಂಟರ್, ಒಬ್ಬರೇ ಮೇಷ್ಟ್ರು.