ಗ್ಯಾಸ್ ಖಾಲಿ ಅಂದರು, ನಂಬಿಬಿಟ್ಟೆ

ನಮ್ಮ ಫ್ರಿಜ್ ಮೊದಲ ಸಲ ಕೈಕೊಟ್ಟಾಗ ನಾನು ಏನನ್ನೂ ನೋಡಲಿಲ್ಲ. ಕೆಳಗಿನ ಭಾಗದಲ್ಲಿ ಹಾಲು ಒಡೆಯಿತು, ಫೋನ್ ಮಾಡಿದೆ. ಬಂದವರು ಹಿಂದಿನ ಪೈಪ್ ಮುಟ್ಟಿ ನೋಡಿ "ಬಿಸಿನೇ ಇಲ್ಲ, ಗ್ಯಾಸ್ ಖಾಲಿ" ಅಂದರು. ತುಂಬಿಸಿ ಅಂದೆ. ಪೈಪ್ ಕತ್ತರಿಸಿ, ವಾಲ್ವ್ ಬೆಸೆದು, ಗ್ಯಾಸ್ ತುಂಬಿಸಿ ಹೋದರು. ಇಡೀ ದಿನ ಹಿಡಿಯಿತು. ಮರುದಿನ ನೀರು ಜುಮ್ಮೆನ್ನುವಷ್ಟು ತಣ್ಣಗಿತ್ತು.

ಹನ್ನೆರಡನೇ ದಿನ ಮತ್ತೆ ಅದೇ ಕಥೆ.

ಈ ಸಲ ಬೇರೆಯವರು ಬಂದರು. ಗ್ಯಾಸ್ ಸರಿಯಿದೆ, ಅದನ್ನು ಒತ್ತಿ ಸುತ್ತಿಸುವ ಕಂಪ್ರೆಸರ್ ವೀಕ್ ಆಗಿದೆ, ಬದಲಿಸಬೇಕು ಅಂದರು. ಹೇಗೆ ಗೊತ್ತಾಯಿತು ಅಂತ ಕೇಳಿದೆ. "ಸೌಂಡ್ ಕೇಳಿದ್ರೆ ಗೊತ್ತಾಗುತ್ತೆ ಸಾರ್." ನಾನೂ ಬಗ್ಗಿ ಕಿವಿಗೊಟ್ಟು ಕೇಳಿದೆ. ಫ್ರಿಜ್ ಸದ್ದು ಫ್ರಿಜ್ ಸದ್ದಿನ ಹಾಗೇ ಇತ್ತು. ಯೋಚಿಸಿ ಹೇಳ್ತೀನಿ ಅಂದು ಕಳಿಸಿದೆ.

ಅವತ್ತು ರಾತ್ರಿ ಮಾಡಿದ ಮೊದಲ ಕೆಲಸ ಅಳೆದದ್ದು. ಒಂದು ಲೋಟ ನೀರಲ್ಲಿ ಥರ್ಮಾಮೀಟರ್ ಇಟ್ಟು ನಡುವಿನ ತಟ್ಟೆಯಲ್ಲಿ ಬಿಟ್ಟೆ. ಸುಮ್ನೆ ಗಾಳಿಯಲ್ಲಿ ಇಟ್ಟರೆ ಬಾಗಿಲು ತೆಗೆದ ಕೂಡಲೇ ಅಂಕಿ ಏರುತ್ತದೆ, ನೀರಾದರೆ ಅಷ್ಟು ಬೇಗ ಬದಲಾಗಲ್ಲ. ಬೆಳಿಗ್ಗೆ ನೋಡಿದರೆ ಕೆಳಗೆ 13 ಡಿಗ್ರಿ. 4ರ ಆಸುಪಾಸು ಇರಬೇಕಿತ್ತು. ಫ್ರೀಜರ್‌ನಲ್ಲಿ ಮೈನಸ್ 14. ಅಲ್ಲಿ ಮೈನಸ್ 18 ಇರಬೇಕು, ಆದರೂ ಐಸ್ ಕಲ್ಲಿನಂತೆ ಗಟ್ಟಿಯಾಗಿತ್ತು.

ಇಲ್ಲೇ ನನಗೆ ಅನುಮಾನ ಬಂದದ್ದು. ಕಂಪ್ರೆಸರ್ ಸೋತಿದ್ದರೆ ಮೇಲೆ ಮೈನಸ್ 14 ಎಲ್ಲಿಂದ ಬಂತು?

ನಮ್ಮದು ಫ್ರಾಸ್ಟ್ ಫ್ರೀ ಫ್ರಿಜ್, ಅಂದರೆ ಕಟ್ಟಿದ ಮಂಜನ್ನು ತಾನೇ ಕರಗಿಸಿಕೊಳ್ಳುವಂಥದ್ದು. ಇದರಲ್ಲಿ ತಂಪು ಹುಟ್ಟುವ ಕಾಯಿಲ್ ಒಂದೇ, ಅದು ಫ್ರೀಜರ್‌ನ ಹಿಂಬದಿ ಪ್ಯಾನೆಲ್ ಒಳಗೆ ಅಡಗಿರುತ್ತದೆ. ಒಂದು ಸಣ್ಣ ಫ್ಯಾನ್ ಆ ತಂಪನ್ನು ಕೆಳಗಿನ ಭಾಗಕ್ಕೆ ಊದುತ್ತದೆ. ಕೆಳಭಾಗಕ್ಕೆ ಸ್ವಂತ ತಂಪಿಲ್ಲ, ಎಲ್ಲವೂ ಮೇಲಿಂದಲೇ ಬರಬೇಕು. ಹಾಗಾಗಿ ಮೇಲೆ ಗಟ್ಟಿ, ಕೆಳಗೆ ಬೆಚ್ಚಗೆ ಅಂದರೆ ಮೊದಲು ನೋಡಬೇಕಾದದ್ದು ಗಾಳಿಯ ದಾರಿಯನ್ನು.

ಪ್ಲಗ್ ಕಿತ್ತೆ. ಪ್ಯಾನೆಲ್‌ನ ಸ್ಕ್ರೂ ಬಿಚ್ಚಿದೆ. ಪ್ಯಾನೆಲ್ ಬರಲೇ ಇಲ್ಲ, ಐಸ್‌ಗೆ ಅಂಟಿಕೊಂಡಿತ್ತು. ಬಿಸಿ ನೀರಿನ ಪಾತ್ರೆ ಇಟ್ಟು ಹತ್ತು ನಿಮಿಷ ಕಾದ ಮೇಲೆ ಬಿಟ್ಟಿತು. ಒಳಗೆ ಕಾಯಿಲ್ ಕಾಣಿಸಲಿಲ್ಲ. ಅಂಚಿಂದ ಅಂಚಿಗೆ ಬಿಳಿ ಗೋಡೆ. ಫ್ಯಾನ್ ಇರುವ ಕಡೆ ಮಾತ್ರ ಒಂದು ಕಿಂಡಿಯಷ್ಟು ಜಾಗ.

ಆ ಗೋಡೆಯೇ ಉತ್ತರ. ಗ್ಯಾಸ್ ಕಡಿಮೆ ಇದ್ದರೆ ಕಾಯಿಲ್‌ನ ಶುರುವಿನ ಸುತ್ತುಗಳಲ್ಲಿ ಮಾತ್ರ ಮಂಜು ಕಟ್ಟುತ್ತದೆ, ಉಳಿದದ್ದು ಬೋಳಾಗಿರುತ್ತದೆ. ನನ್ನದರಲ್ಲಿ ತುದಿಯವರೆಗೂ ಕಟ್ಟಿತ್ತು. ಅಂದರೆ ಗ್ಯಾಸ್ ಪೂರ್ತಿ ಸುತ್ತಾಡುತ್ತಿದೆ, ಕಂಪ್ರೆಸರ್ ದೂಡುತ್ತಿದೆ. ಕಟ್ಟಿದ ಮಂಜನ್ನು ಆಗಾಗ ಕರಗಿಸುವ ಡೀಫ್ರಾಸ್ಟ್ ಕೆಲಸ ಮಾತ್ರ ನಿಂತಿದೆ.

ಹಾಗಾದರೆ ಗ್ಯಾಸ್ ತುಂಬಿದಾಗ ಸರಿಯಾಗಿದ್ದು ಹೇಗೆ? ಇದು ಹೊಳೆದಾಗ ನನಗೇ ನಗು ಬಂತು. ಅವತ್ತು ಫ್ರಿಜ್ ಇಡೀ ದಿನ ಆಫ್ ಆಗಿತ್ತು, ಬಾಗಿಲು ತೆರೆದೇ ಇತ್ತು. ಐಸ್ ತನ್ನಷ್ಟಕ್ಕೆ ಕರಗಿ ಹೋಗಿತ್ತು. ಮತ್ತೆ ಗೋಡೆ ಕಟ್ಟಲು ಹನ್ನೆರಡು ದಿನ ಬೇಕಾಯಿತು, ಅಷ್ಟೇ. ಪ್ಲಗ್ ಕಿತ್ತಿಟ್ಟಿದ್ದರೂ ಅದೇ ಆಗುತ್ತಿತ್ತು.

ಮೊದಲು ಬಂದವರು ಮೋಸ ಮಾಡಿದರು ಅಂತ ನಾನು ಹೇಳಲ್ಲ. ಕಾಯಿಲ್ ಮೇಲೆ ಐಸ್ ಹೊದ್ದುಕೊಂಡಾಗ ಅದು ಒಳಗಿನ ಬಿಸಿಯನ್ನು ಹೀರುವುದೇ ಕಡಿಮೆ. ಹಾಗಾಗಿ ಹಿಂದಿನ ಪೈಪ್ ಬೆಚ್ಚಗಾಗಲ್ಲ, ಗೇಜ್ ಹಾಕಿದರೆ ಪ್ರೆಶರ್ ಕೂಡ ಕಡಿಮೆ ತೋರಿಸುತ್ತದೆ. ಗ್ಯಾಸ್ ಖಾಲಿಯಾದ ಫ್ರಿಜ್ ಹಾಗೇ ಕಾಣುತ್ತದೆ. ನನ್ನ ತಕರಾರು ಒಂದೇ: ಪ್ಯಾನೆಲ್ ಬಿಚ್ಚದೆ ಪೈಪ್ ಕತ್ತರಿಸಿದ್ದು. ಪ್ಯಾನೆಲ್ ವಾಪಸ್ ಹಾಕಬಹುದು, ಪೈಪ್ ಹಾಗಲ್ಲ ಅಲ್ವಾ?

ಐಸ್ ಕರಗಿಸುವಾಗ ಚಾಕು ಎತ್ತಿಕೊಳ್ಳುವ ಆಸೆ ನನಗೂ ಬಂತು. ಮಾಡಲಿಲ್ಲ. ಕಾಯಿಲ್ ತೆಳು ಅಲ್ಯೂಮಿನಿಯಂನದ್ದು. ಒಂದು ಸಲ ಚುಚ್ಚಿದರೆ ಆಗ ನಿಜವಾಗಿಯೂ ಗ್ಯಾಸ್ ಖಾಲಿ.

ಮೂರನೆಯವರನ್ನು ಕರೆಯುವಾಗ "ಗ್ಯಾಸ್ ನೋಡಿ" ಅನ್ನಲಿಲ್ಲ. ಕಾಯಿಲ್ ಪೂರ್ತಿ ಐಸ್ ಕಟ್ಟಿದೆ, ಡೀಫ್ರಾಸ್ಟ್ ಆಗ್ತಿಲ್ಲ ಅಂದೆ, ತೆಗೆದಿಟ್ಟ ಫೋಟೋ ಕಳಿಸಿದೆ. ಅವರು ಮಲ್ಟಿಮೀಟರ್ ಹಿಡಿದೇ ಬಂದರು. ಮಂಜು ಕರಗಿಸುವ ಹೀಟರ್ ಸುಟ್ಟಿದೆ ಅಂತ ನಾನು ಮೊದಲೇ ತೀರ್ಮಾನ ಮಾಡಿ ಕೂತಿದ್ದೆ. ತಪ್ಪು. ಹೀಟರ್ ಸುಮಾರು 350 ಓಮ್ ತೋರಿಸಿತು. ಮೇಲೆ 230 ವೋಲ್ಟ್, 150 ವ್ಯಾಟ್ ಅಂತ ಬರೆದಿತ್ತು, ಲೆಕ್ಕ ಸರಿಹೋಯಿತು, ಅಂದರೆ ಹೀಟರ್ ಚೆನ್ನಾಗಿದೆ.

ಮುಂದಿನದು ಬೈಮೆಟಲ್, ಚಳಿ-ಬಿಸಿ ನೋಡಿ ಹೀಟರ್‌ಗೆ ಕರೆಂಟ್ ಬಿಡುವ, ನಿಲ್ಲಿಸುವ ಗುಂಡಗಿನ ಒಂದು ಸಣ್ಣ ಥರ್ಮೋಸ್ಟ್ಯಾಟ್. ಮೀಟರ್ ಇಟ್ಟರೆ ಓಪನ್, ಅಂದರೆ ಕರೆಂಟ್ ದಾಟುತ್ತಿಲ್ಲ. "ಇದೇ ಹೋಗಿದೆ" ಅಂದೆ. ಅವರು ಅಲ್ಲ ಅಂತ ತಲೆಯಾಡಿಸಿದರು. ಇದು ಕೊರೆಯುವ ಚಳಿಯಲ್ಲಿ ಮಾತ್ರ ಕೂಡಿಕೊಳ್ಳುತ್ತದೆ, ಹೊರಗೆ ಓಪನ್ ತೋರಿಸುವುದೇ ಸರಿ ಅಂದರು. ಎಷ್ಟೋ ಒಳ್ಳೆಯ ಬೈಮೆಟಲ್‌ಗಳು ಹೀಗೇ ಕಸದ ಬುಟ್ಟಿ ಸೇರುತ್ತವಂತೆ. ಪುಡಿ ಐಸ್‌ಗೆ ಉಪ್ಪು ಬೆರೆಸಿ, ಬೈಮೆಟಲನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಅದರಲ್ಲಿ ಹೂತಿಟ್ಟರು. ಬರೀ ಐಸ್ ನೀರು ಸೊನ್ನೆ ಡಿಗ್ರಿಯಲ್ಲೇ ನಿಲ್ಲುತ್ತದೆ, ಉಪ್ಪು ಬಿದ್ದರೆ ಇನ್ನೂ ಕೆಳಗಿಳಿಯುತ್ತದೆ. ಸ್ವಲ್ಪ ಹೊತ್ತಿಗೆ ಟಕ್ ಅಂತ ಸದ್ದು. ಮೀಟರ್ ಬೀಪ್ ಅಂದಿತು. ಬೈಮೆಟಲ್ ಚೆನ್ನಾಗಿಯೇ ಇತ್ತು.

ಕೊನೆಗೆ ಸಿಕ್ಕಿಬಿದ್ದದ್ದು ಥರ್ಮಲ್ ಫ್ಯೂಸ್. ಜಾಸ್ತಿ ಬಿಸಿಯಾದರೆ ಒಂದೇ ಸಲ ಕಡಿದುಕೊಳ್ಳುವ ಬೆರಳುದ್ದದ ವಸ್ತು, ಹೀಟರ್ ವೈರ್‌ನಲ್ಲೇ ಕೂತಿತ್ತು. ಬದಲಿಸಿದರು. ನೇರವಾಗಿ ಜೋಡಿಸಿಬಿಡಿ ಅಂತ ಕೆಲವರು ಹೇಳುತ್ತಾರೆ, ನಾನಂತೂ ಒಪ್ಪಲ್ಲ. ಹೀಟರ್ ಆಫ್ ಆಗದೇ ಉಳಿದರೆ ಅದನ್ನು ತಡೆಯಲು ಇರುವುದೇ ಆ ಫ್ಯೂಸ್.

ಫ್ರಿಜ್ ಹಿಂದಿನ ಸ್ಟಿಕರ್ ಓದಿದ್ದು ಇದೆಲ್ಲ ಮುಗಿದ ಮೇಲೆ. ಆರ್600ಎ ಅಂತ ಬರೆದಿತ್ತು. ಅಂದರೆ ಐಸೋಬ್ಯುಟೇನ್, ಹತ್ತಿಕೊಳ್ಳುವ ಗ್ಯಾಸ್. ಅದನ್ನು ಎಷ್ಟು ಗ್ರಾಂ ಹಾಕಬೇಕು ಅಂತಲೂ ಅಲ್ಲೇ ಇತ್ತು. ಮೊದಲು ಬಂದವರು ತಕ್ಕಡಿ ತಂದಿರಲಿಲ್ಲ, ಅಡುಗೆಮನೆಯಲ್ಲೇ ಬೆಂಕಿ ಹಚ್ಚಿ ಬೆಸೆದಿದ್ದರು. ನೆನೆಸಿಕೊಂಡರೆ ಈಗ ಎದೆ ಝಲ್ಲೆನ್ನುತ್ತದೆ. ಈಗ ಯಾರಾದರೂ ಗ್ಯಾಸ್ ಖಾಲಿ ಅಂದರೆ ಎಲ್ಲಿ ಸೋರುತ್ತಿದೆ ಅಂತ ಕೇಳುತ್ತೇನೆ. ಮುಚ್ಚಿದ ಪೈಪ್‌ನಲ್ಲಿ ಗ್ಯಾಸ್ ಉರಿದು ಮುಗಿಯುವಂಥದ್ದಲ್ಲ. ಸೋರಿದರೆ ಮಾತ್ರ ಕಮ್ಮಿಯಾಗಬೇಕು. ಸೋರುವ ಜಾಗ ಹುಡುಕದೆ ತುಂಬುವವರು, ಪೈಪ್‌ನೊಳಗಿನ ಗಾಳಿ ಎಳೆಯುವ ವ್ಯಾಕ್ಯೂಮ್ ಪಂಪ್ ಇಲ್ಲದೆ, ತೇವ ಹೀರುವ ಫಿಲ್ಟರ್ ಡ್ರೈಯರ್ ಬದಲಿಸದೆ ತುಂಬುವವರು ನನಗೆ ಬೇಡ.

ಲೋಟದ ನೀರು ಈಗ 4 ಡಿಗ್ರಿ ತೋರಿಸುತ್ತದೆ. ಅವತ್ತು ಬೆಸೆದ ವಾಲ್ವ್ ಮಾತ್ರ ಫ್ರಿಜ್ ಹಿಂದೆ ಮಸಿ ಬಳಿದುಕೊಂಡು ಹಾಗೇ ಇದೆ. ಗುಡಿಸುವಾಗ ಕಣ್ಣಿಗೆ ಬಿದ್ದರೆ ಸ್ವಲ್ಪ ಸೋಪಿನ ನೊರೆ ಹಚ್ಚಿ ನೋಡುತ್ತೇನೆ. ಇದುವರೆಗೂ ಗುಳ್ಳೆ ಎದ್ದಿಲ್ಲ.