ಲಕೋಟೆ ಬರುವ ಮೊದಲೇ ವಾಕ್ಯ ಬಾಯಲ್ಲಿರಬೇಕು

ಹುಬ್ಬಳ್ಳಿಯ ಗೋಕುಲ ರಸ್ತೆಯ ಒಂದು ಕಾರ್ಖಾನೆಯಲ್ಲಿ ನಾನು ಪರ್ಚೇಸ್ ನೋಡಿಕೊಳ್ಳುತ್ತೇನೆ. ಬೇರಿಂಗ್, ಬೋಲ್ಟು, ವೆಲ್ಡಿಂಗ್ ರಾಡು, ಎಲ್ಲದರ ಕೊಟೇಶನ್ನೂ ನನ್ನ ಮೇಜಿಗೇ ಬರುತ್ತದೆ. ಶೋಧನೆಯೂ, ಅಂದರೆ ಆಮಿಷವೂ, ಅಲ್ಲಿಗೇ ಬರುತ್ತದೆ. ಫೈಲು ಹಿಡಿದು ಬಂದವರು ನಮಸ್ಕಾರ ಮಾಡಿ, ಮನೆಮಂದಿಯ ಕ್ಷೇಮ ಕೇಳಿ, ಹೊರಡುವ ಹೊತ್ತಿಗೆ ದನಿ ತಗ್ಗಿಸುತ್ತಾರೆ: “ನಿಮ್ಮದೂ ಎರಡು ಪರ್ಸೆಂಟ್ ಇರ್ತೈತ್ರಿ ಸರ.”

ಇದನ್ನು ಎದುರಿಸುವುದನ್ನು ನಾನು ಕಲಿತದ್ದು ಬೈಬಲಿನ ಮತ್ತಾಯನ ಸುವಾರ್ತೆಯ 4ನೇ ಅಧ್ಯಾಯದಿಂದ. ಯೇಸುಸ್ವಾಮಿ ಅಡವಿಯಲ್ಲಿ 40 ದಿನ ಉಪವಾಸವಿದ್ದು ಹಸಿದಿದ್ದಾಗ ಸೈತಾನ ಬಂದು ಮೂರು ಆಮಿಷ ಒಡ್ಡಿದ. ಮೂರು ಸಲವೂ ಸ್ವಾಮಿ ಕೊಟ್ಟದ್ದು ಶಾಸ್ತ್ರದ ಉತ್ತರ, ಮೂರೂ ಧರ್ಮೋಪದೇಶಕಾಂಡದ 6 ಮತ್ತು 8ನೇ ಅಧ್ಯಾಯಗಳವು. ಅಡವಿಯಲ್ಲಿ ಸುರುಳಿ ಬಿಚ್ಚಿ ಹುಡುಕಿದ ಮಾತಿಲ್ಲ; ವಾಕ್ಯ ಮೊದಲೇ ಒಳಗಿತ್ತು. ನನಗೆ ದಾರಿ ತೋರಿಸಿದ್ದು ಇದೇ. ಆಮಿಷ ಎದುರಿಗೆ ಕೂತ ಮೇಲೆ ಸತ್ಯವೇದ ತೆರೆಯಲು ಹೊತ್ತಿರುವುದಿಲ್ಲ.

ಅದಕ್ಕೇ ಭಾನುವಾರ ಆರಾಧನೆ ಮುಗಿಸಿ ಬಂದ ಮೇಲೆ ನಾನೂ ನನ್ನ ಹೆಂಡತಿಯೂ ಒಂದು ನೋಟ್‌ಬುಕ್ ಇಟ್ಟುಕೊಂಡು ಕೂತೆವು. ಎಡಗಡೆ ಮನಸ್ಸು ಹೂಡುವ ನೆಪ, ನಮ್ಮ ಮಾತಿನಲ್ಲೇ. ಬಲಗಡೆ ಅದಕ್ಕೆ ವಾಕ್ಯ. “ಎಲ್ಲಾರೂ ತಗೋತಾರ” ಎಂಬುದಕ್ಕೆ ವಿಮೋಚನಕಾಂಡ 23:2, ಕೆಟ್ಟದ್ದನ್ನು ಮಾಡುವವರು ಬಹುಮಂದಿ ಇದ್ದರೂ ಅವರ ಜೊತೆ ಸೇರಬಾರದು. “ಇದು ಲಂಚಲ್ಲ, ಪ್ರೀತಿಲಿಂದ ಕೊಟ್ಟಿದ್ದು” ಎಂಬುದಕ್ಕೆ ಅದೇ ಅಧ್ಯಾಯದ 8ನೇ ವಚನ: ಲಂಚವು ಕಣ್ಣಿದ್ದವರನ್ನೂ ಕುರುಡು ಮಾಡುತ್ತದೆ. “ಯಾರಿಗೂ ಗೊತ್ತಾಗೂದಿಲ್ಲ” ಎಂಬುದಕ್ಕೆ ಯಜಮಾನ ಪೋಟೀಫರನ ಮನೆಯಲ್ಲಿ ಅವನ ಹೆಂಡತಿ ಕರೆದಾಗ ಯೋಸೇಫನು ಕೇಳಿದ ಪ್ರಶ್ನೆ, ದೇವರಿಗೆ ವಿರುದ್ಧವಾಗಿ ಹೇಗೆ ಪಾಪಮಾಡಲಿ ಎಂದು. ಸ್ಕೂಟರಿನಲ್ಲಿ ಹೋಗುವಾಗ ಇವನ್ನೆಲ್ಲ ಬಾಯಿಬಿಟ್ಟು ಹೇಳಿಕೊಳ್ಳುತ್ತೇನೆ. ಮನಸ್ಸಿನಲ್ಲಿ ಓದಿದ್ದು ಸಂಜೆಗೆ ಮರೆಯುತ್ತದೆ, ದನಿ ತೆಗೆದು ಹೇಳಿದ್ದು ನಿಲ್ಲುತ್ತದೆ.

ವಾಕ್ಯ ಹೇಳುವುದು ನನಗೆ ನಾನೇ, ಎದುರಿಗೆ ಕೂತವರಿಗಲ್ಲ. ಅವರು ಸೈತಾನನೂ ಅಲ್ಲ. ನಮ್ಮ ಹೋರಾಟ ಮನುಷ್ಯಮಾತ್ರದವರ ಸಂಗಡ ಅಲ್ಲವೆಂದು ಎಫೆಸದವರಿಗೆ ಬರೆದ ಪತ್ರದಲ್ಲಿದೆ. ಆದ್ದರಿಂದ ಚಹಾ ತರಿಸುತ್ತೇನೆ, ಕುಡಿದ ಮೇಲೆ ಒಂದೇ ಮಾತು: “ಬ್ಯಾಡ್ರಿ. ಆ ಎರಡು ಪರ್ಸೆಂಟ್ ಬಿಲ್ಲಿನಾಗ ಕಡಿಮಿ ಮಾಡಿ ಕೊಡ್ರಿ.” ವಾದಕ್ಕೆ ಇಳಿಯುವುದಿಲ್ಲ. ಏದೆನ್ ತೋಟದಲ್ಲಿ ಮೊದಲ ಹೆಣ್ಣು ಹವ್ವಳು ಸರ್ಪದ ಜೊತೆ ಮಾತು ಬೆಳೆಸಿದಳು, ಅಡವಿಯಲ್ಲಿ ಸ್ವಾಮಿ ಬೆಳೆಸಲಿಲ್ಲ.

ಒಂದು ದೀಪಾವಳಿಗೆ ಕಾಜು ಕತ್ಲಿಯ ಡಬ್ಬಿ ಬಂತು. ಕಚೇರಿಯಲ್ಲಿ ಹಂಚೋಣವೆಂದು ಮುಚ್ಚಳ ತೆಗೆದರೆ, ಮೇಲಿನ ಸಾಲಿನಡಿಯ ಬೆಣ್ಣೆಕಾಗದದ ಕೆಳಗೆ ಬಿಳಿ ಲಕೋಟೆ. ತಂದುಕೊಟ್ಟ ಹುಡುಗ ಇನ್ನೂ ಗೇಟಿನಲ್ಲಿ ಗಾಡಿ ಸ್ಟಾರ್ಟ್ ಮಾಡುತ್ತಿದ್ದ. ಎಣಿಸಲಿಲ್ಲ. ಎಣಿಸಿದರೆ ಆ ಮೊತ್ತ ರಾತ್ರಿಯೆಲ್ಲ ತಲೆಯಲ್ಲಿ ಕೂರುತ್ತದೆ. ಡಬ್ಬಿ ಸಮೇತ ಅವನ ಕೈಗೇ ವಾಪಸ್ ಕೊಟ್ಟು, ಅವನ ಮಾಲೀಕರಿಗೆ ಅಲ್ಲೇ ಫೋನ್ ಮಾಡಿ ಹೇಳಿದೆ.

ಇದಕ್ಕಿಂತ ಕಠಿಣವಾದದ್ದು ನಮ್ಮ ಚರ್ಚಿನ ಸಭೆಯವರೇ ಒಬ್ಬರು ಹೇಳಿದ ಮಾತು: “ತಗೊಂಡು ಹತ್ತರಾಗ ಒಂದು ಪಾಲು ದೇವರಿಗೆ ಕೊಟ್ಟುಬಿಡ್ರಿ.” ಸ್ವಾಮಿಯನ್ನು ಶೋಧಿಸುವಾಗ ಸೈತಾನನೂ ವೇದದ 91ನೇ ಕೀರ್ತನೆಯನ್ನೇ ಎತ್ತಿ ಹೇಳಿದನಲ್ಲ! ದಶಮಾಂಶ ವೇದದಲ್ಲಿದೆ, ನಿಜ. ಆದರೆ ಮುದುಕನಾದ ಪ್ರವಾದಿ ಸಮುವೇಲನು ಜನರೆದುರು ನಿಂತು, ನಾನು ಯಾರ ಕೈಯಿಂದ ಲಂಚ ತೆಗೆದುಕೊಂಡಿದ್ದೇನೆ ಹೇಳಿರಿ ಎಂದು ಕೇಳಿದ್ದೂ ಅದೇ ವೇದದಲ್ಲಿದೆ. ಅವನ ಮಕ್ಕಳು ಲಂಚಕ್ಕೆ ಕೈಯೊಡ್ಡಿದ್ದೂ ಇದೆ. ತಂದೆಯಾದವನಿಗೆ ಅದು ನಾಟುತ್ತದೆ.

ಮಗಳ ಕಾಲೇಜು ಫೀಸಿನ ವರ್ಷ ವಾಕ್ಯದ ಜೊತೆ ಕಣ್ಣೀರೂ ಬೇಕಾಯಿತು. ‘ನಾನು ನಿನ್ನನ್ನು ಎಂದಿಗೂ ಕೈಬಿಡುವದಿಲ್ಲ’ ಎಂಬ ಇಬ್ರಿಯ 13:5ನ್ನು ಹೆಂಡತಿ ಅಡುಗೆಮನೆಯ ಗೋಡೆಗೆ ಅಂಟಿಸಿದಳು. ಸೊಸೈಟಿಯಲ್ಲಿ ಸಾಲ ತೆಗೆದೆವು, ಅವಳ ಬಳೆ ಅಡವಿಟ್ಟೆವು, ಫೀಸು ಕಟ್ಟಿದೆವು. ಯಾರೇ ಏನೇ ಕೊಡಲು ಬಂದರೂ ಅವತ್ತೇ ಅವಳಿಗೆ ಹೇಳಬೇಕೆಂಬ ನಿಯಮ ಆಗ ಮಾಡಿಕೊಂಡದ್ದು. ಮುಚ್ಚಿಟ್ಟ ಆಮಿಷಕ್ಕೆ ಬಲ ಹೆಚ್ಚು.

ಸೈತಾನನು ಸ್ವಲ್ಪಕಾಲ ಮಾತ್ರ ಬಿಟ್ಟುಹೋದನೆಂದು ಲೂಕನು ಬರೆದಿದ್ದಾನೆ. ನನ್ನ ಮೇಜಿಗೂ ಅವನು ಮಾರ್ಚ್ ಕೊನೆಗೆ, ಹಬ್ಬಕ್ಕೆ, ಫೀಸಿನ ಜೂನ್‌ಗೆ ತಪ್ಪದೆ ಬರುತ್ತಾನೆ. ಈಗ ನಿವೃತ್ತಿ ಹತ್ತಿರವಾಗಿ, ನೋಟ್‌ಬುಕ್ಕಿನ ಎಡಗಡೆ ಹೊಸ ಸಾಲು ಸೇರಿದೆ: “ಪೆನ್ಶನ್ ಇಲ್ಲ, ಮುಂದ ಹೆಂಗ?” ಬಲಗಡೆಗೆ ನಮ್ಮ ಸಭೆಯ ಪಾಸ್ಟರ್ ಅಯ್ಯನವರು 37ನೇ ಕೀರ್ತನೆಯ 25ನೇ ವಚನ ಕೊಟ್ಟಿದ್ದಾರೆ. ನಾನು ಯೌವನಸ್ಥನಾಗಿದ್ದೆ, ಈಗ ಮುದುಕನಾಗಿದ್ದೇನೆ ಎಂದು ಶುರುವಾಗಿ, ನೀತಿವಂತನನ್ನು ದೇವರು ಕೈಬಿಟ್ಟದ್ದನ್ನು ಕಂಡಿಲ್ಲ ಎನ್ನುವ ವಚನ. ಈ ವಾರ ಅದನ್ನೇ ಕಲಿಯುತ್ತಿದ್ದೇವೆ.